ಸೊಳ್ಳೆ ಸಾಕುವ ಹುಡುಗಿ

ಹಸು ಸಾಕುವವರನ್ನು ನಾವು ಕಂಡಿದ್ದೇವೆ, ಕೋಳಿ ಸಾಕುವವರನ್ನು ಕಂಡಿದ್ದೇವೆ. ನಮ್ಮ ಸುಳ್ಯ, ಪುತ್ತೂರು ಕಡೆ ಜೇನುಪೆಟ್ಟಿಗೆ ಇಟ್ಟ ತೋಟಗಳೂ ಬೇಕಷ್ಟಿವೆ. ರೇಷ್ಮೆಹುಳ ಸಾಕುವ ಸಂಗತಿಯನ್ನು ನಾನೇ ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆದರೆ ಸೊಳ್ಳೆ ಸಾಕುವುದು ಎಂದರೆ ಯಾರಿಗಾದರೂ ನಗು ಬಾರದೆ ಇದ್ದೀತೆ? ಸಂಜೆ ಆರು ಗಂಟೆಯಾದೊಡನೆ ಕಿಟಕಿ ಬಾಗಿಲು ಮುಚ್ಚಿ, ಧೂಪ ಹಾಕಿ, ಕೈಯಲ್ಲಿ ಬ್ಯಾಟು ಹಿಡಿದು ಕುಳಿತುಕೊಳ್ಳುವ ನಮಗೆ, ಅದೇ ಸೊಳ್ಳೆಗೆ ಹೊತ್ತುಹೊತ್ತಿಗೆ ಸಕ್ಕರೆ ನೀರು ಕೊಟ್ಟು, ಬೆಚ್ಚಗಿನ ಕೋಣೆಯಲ್ಲಿಟ್ಟು, ಮೊಟ್ಟೆಯಿಟ್ಟಿತೋ ಇಲ್ಲವೋ ಎಂದು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುವವರೂ ಇದ್ದಾರೆ ಎಂದರೆ ನಂಬುವುದು ಕಷ್ಟ. ಅದೂ ನಮ್ಮ ಪಂಜದ ಹುಡುಗಿಯೊಬ್ಬಳು ಆ ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದಾಳೆ ಎಂದರೆ?

ಅವಳು ನನ್ನ ಶಿಷ್ಯೆ. ಹೆಸರು ಬೇಡ, ಅವಳಿಗೆ ಮುಜುಗರವಾದೀತು. ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಕಲಿಸುವವಳು. ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿಯಿದ್ದ ಒಂದು ವರ್ಷ ಎಂಟನೆಯ ತರಗತಿಯ ವಿಜ್ಞಾನವೂ ನನ್ನ ತಲೆಗೆ ಬಂತು. ಹಳ್ಳಿ ಶಾಲೆಗಳಲ್ಲಿ ಇದು ಹೊಸತೇನಲ್ಲ. ಅಶೋಕನ ಶಾಸನ ಓದಿಸಿದ ಬಾಯಲ್ಲೇ ಮುಂದಿನ ಪಿರಿಯಡ್ಡಿನಲ್ಲಿ ಜೀವಕೋಶದ ಪಾಠ. ಆ ವರ್ಷ 2008. ನಮ್ಮ ದಕ್ಷಿಣ ಕನ್ನಡದವರು ಸುಲಭದಲ್ಲಿ ಮರೆಯುವ ವರ್ಷವಲ್ಲ ಅದು.

ಚಿಕುನ್‌ಗುನ್ಯಾ ಬಂದ ವರ್ಷ ಅದು. ಮಳೆಯೂ ಜ್ವರವೂ ಜೊತೆಜೊತೆಯಾಗಿ ಬಂದವು. ಮೊದಲು ಒಂದು ಮನೆ, ಆಮೇಲೆ ಸಾಲು ಮನೆ. ಜ್ವರ ಮೂರು ನಾಲ್ಕು ದಿನದಲ್ಲಿ ಬಿಟ್ಟರೂ ಗಂಟುಗಂಟುಗಳ ನೋವು ಬಿಡಲಿಲ್ಲ. ಆಫ್ರಿಕದ ತಾಂಜಾನಿಯದಲ್ಲಿ 1952ರಲ್ಲಿ ಈ ಜ್ವರವನ್ನು ಮೊದಲು ಗುರುತಿಸಿದಾಗ ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲೇ ಅದಕ್ಕೆ ಹೆಸರು ಬಂತಂತೆ, ಮನುಷ್ಯನನ್ನು ಬಗ್ಗಿಸುವಂಥದ್ದು ಎಂಬ ಅರ್ಥದಲ್ಲಿ. ಆ ಹೆಸರಿಟ್ಟವರು ನಮ್ಮ ಊರಿನ ಬಸ್‌ಸ್ಟ್ಯಾಂಡಿಗೆ ಬಂದು ನೋಡಿದ್ದರೆ ತಮ್ಮ ಮಾತು ಎಷ್ಟು ಸರಿ ಎಂದು ತಿಳಿಯುತ್ತಿತ್ತು. ಮೂವತ್ತರ ಹರೆಯದವರೂ ಕೋಲೂರಿಕೊಂಡು ನಡೆಯುತ್ತಿದ್ದರು. ನನಗೂ ಬಂದಿತ್ತು. ಎರಡು ತಿಂಗಳು ಸೀಮೆಸುಣ್ಣ ಹಿಡಿಯಲು ಆಗಲಿಲ್ಲ, ಕ್ಲಾಸಿನ ಹುಡುಗಿಯರೇ ಸರದಿಯಂತೆ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ಆದರೆ ತಿಂಗಳ ಸಂಬಳ ಬರುವ ನಮ್ಮಂಥವರ ಕಷ್ಟ ದೊಡ್ಡದಲ್ಲ. ನನ್ನ ಆ ಶಿಷ್ಯೆಯ ತಾಯಿ ಬೀಡಿ ಕಟ್ಟುವವಳು. ತಂದೆ ಮರ ಹತ್ತಿ ಅಡಿಕೆ ಕೊಯ್ಯುವವರು. ಬೆರಳು ಮಡಚದೆ ಬೀಡಿ ಇಲ್ಲ, ಮೊಣಕಾಲು ಮಡಚದೆ ಮರ ಇಲ್ಲ. ಆ ಮನೆಯಲ್ಲಿ ಎಷ್ಟು ತಿಂಗಳು ಹೇಗೆ ಕಳೆಯಿತು ಎಂದು ಅವಳು ಯಾರಲ್ಲಿಯೂ ಹೇಳಲಿಲ್ಲ. ಬಿಸಿಯೂಟದ ಅನ್ನವನ್ನು ಸ್ವಲ್ಪ ಹೆಚ್ಚು ಹೊತ್ತು ಕುಳಿತು ಉಣ್ಣುತ್ತಿದ್ದಳು, ಅಷ್ಟೆ.

ಆ ದಿನಗಳಲ್ಲೇ ಒಮ್ಮೆ ಪಾಠದ ನಡುವೆ ಎದ್ದುನಿಂತು ಕೇಳಿದಳು: "ಟೀಚರ್, ಗಂಡು ಸೊಳ್ಳೆ ಯಾಕೆ ಕಚ್ಚುವುದಿಲ್ಲ?" ಹಿಂದಿನ ಬೆಂಚಿನ ಹುಡುಗರು ನಕ್ಕರು. ಮೊಟ್ಟೆ ಬೆಳೆಯಲು ಹೆಣ್ಣಿಗೆ ರಕ್ತ ಬೇಕು, ಗಂಡಿಗೆ ಹೂವಿನ ರಸ ಸಾಕು ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದೆ. ಅವಳು ಕುಳಿತುಕೊಳ್ಳಲಿಲ್ಲ. "ಹಾಗಾದರೆ ರಕ್ತ ಕುಡಿದ ಮೇಲೆ ಅದರ ಒಳಗೆ ಏನಾಗುತ್ತದೆ?" ಅದು ಪುಸ್ತಕದಲ್ಲಿ ಇರಲಿಲ್ಲ. "ನೀನೇ ಓದಿ ದೊಡ್ಡವಳಾಗಿ ಕಂಡುಹಿಡಿದು ನನಗೆ ಹೇಳು" ಎಂದೆ. ಟೀಚರುಗಳು ದಿನಕ್ಕೆ ಹತ್ತು ಸಲ ಹೇಳುವ ಮಾತು ಇದು. ಅದನ್ನು ಅಕ್ಷರಶಃ ನಡೆಸುವವರು ಸಾವಿರಕ್ಕೊಬ್ಬರು. ಅವಳು ಪುತ್ತೂರಿನಲ್ಲಿ ಬಿ.ಎಸ್ಸಿ., ಕೊಣಾಜೆಯಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯ ಸೇರಿದಳು. ಈಗ ರಜೆಯಲ್ಲಿ ಬಂದಾಗಲೆಲ್ಲ ನನ್ನ ಜಗಲಿಯಲ್ಲಿ ಕುಳಿತು ಆ ಪ್ರಶ್ನೆಗೆ ಕಂತುಕಂತಾಗಿ ಉತ್ತರ ಹೇಳುತ್ತಾಳೆ. ಅವಳು ಟೀಚರು, ನಾನು ಎಂಟನೆಯ ತರಗತಿ.

ಅವಳು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ನಿಮಗೂ ಹೇಳುತ್ತೇನೆ. ಹಳೆಯ ಕಾಲದ ದೊಡ್ಡ ಮನೆಯೊಂದನ್ನು ನೆನಪಿಸಿಕೊಳ್ಳಿ. ಅಟ್ಟದ ಮೇಲೆ ಸಕಲ ಪಾತ್ರೆಗಳೂ ಇರುತ್ತವೆ. ಮದುವೆಯ ಕಡಾಯಿ, ತಿಥಿಯ ತಪ್ಪಲೆ, ಹಪ್ಪಳದ ಮಣೆ, ಬಾಣಂತಿಯ ಹಂಡೆ. ಎಲ್ಲವೂ ಇದ್ದರೂ ಎಲ್ಲವೂ ಒಟ್ಟಿಗೆ ಕೆಳಗೆ ಇಳಿಯುವುದಿಲ್ಲ. ಯಾವ ದಿನ ಯಾವ ಪಾತ್ರೆ ಇಳಿಯಿತು ಎಂದು ನೋಡಿದರೆ ಸಾಕು, ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೆರೆಮನೆಯವಳು ಹೇಳಿಬಿಡಬಲ್ಲಳು. ಜೀವಕೋಶದಲ್ಲಿರುವ ಜೀನ್‌ಗಳ ಕಥೆಯೂ ಹೀಗೆಯೇ. ಸೊಳ್ಳೆಯ ಕಣ್ಣಿನ ಕೋಶದಲ್ಲೂ ಕರುಳಿನ ಕೋಶದಲ್ಲೂ ಇರುವುದು ಒಂದೇ ಅಟ್ಟ, ಅವೇ ಹತ್ತು ಹದಿನೈದು ಸಾವಿರ ಜೀನ್‌ಗಳು. ಆದರೆ ಕಣ್ಣಿನಲ್ಲಿ ಇಳಿಯುವ ಪಾತ್ರೆ ಬೇರೆ, ಕರುಳಿನಲ್ಲಿ ಇಳಿಯುವುದು ಬೇರೆ. ಒಂದು ಜೀನ್ ಎಚ್ಚರಗೊಂಡು ಕೆಲಸಕ್ಕಿಳಿಯುವಾಗ ಅದರ ನಕಲೊಂದು ತಯಾರಾಗುತ್ತದೆ, ಅದಕ್ಕೆ ಆರ್‌ಎನ್‌ಎ ಎಂದು ಹೆಸರು. ಆ ನಕಲುಗಳನ್ನು ಎಣಿಸಿದರೆ ಯಾವ ಜೀನ್ ಎದ್ದಿದೆ, ಯಾವುದು ಮಲಗಿದೆ ಎಂದು ತಿಳಿಯುತ್ತದೆ. ನನ್ನ ಶಿಷ್ಯೆಯ ಕೆಲಸ ಈ ಎಣಿಕೆ. ವಿಜ್ಞಾನದವರು ಇದನ್ನು ಜೀನ್ ಅಭಿವ್ಯಕ್ತಿ ಎನ್ನುತ್ತಾರೆ.

ಇನ್ನು ಅವಳ ಹಳೆಯ ಪ್ರಶ್ನೆ. ಹೆಣ್ಣು ಸೊಳ್ಳೆ ಒಮ್ಮೆ ಕುಳಿತರೆ ಸುಮಾರು ತನ್ನ ತೂಕದಷ್ಟೇ ರಕ್ತ ಹೀರುತ್ತದೆ. ನಮ್ಮ ಚರ್ಮಕ್ಕೆ ಸೂಜಿ ಇಳಿಸುವಾಗಲೇ ಅದರ ಜೊಲ್ಲಿನಲ್ಲಿರುವ ಕೆಲವು ಪ್ರೋಟೀನ್‌ಗಳು ನಮ್ಮ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುತ್ತವೆ. ರೋಗದ ವೈರಸ್ಸು ನಮ್ಮ ದೇಹಕ್ಕೆ ಬರುವುದೂ ಈ ಜೊಲ್ಲಿನ ಜೊತೆಯಲ್ಲೇ. ರಕ್ತ ಹೊಟ್ಟೆ ಸೇರಿದೊಡನೆ ಒಳಗೆ ದೊಡ್ಡ ಗಡಿಬಿಡಿ ಶುರುವಾಗುತ್ತದೆ. ಅರಗಿಸಲು ಟ್ರಿಪ್ಸಿನ್ ಎಂಬ ರಸ ಬೇಕು. ಈಡಿಸ್ ಸೊಳ್ಳೆಯಲ್ಲಿ ಮೊದಲ ಟ್ರಿಪ್ಸಿನ್ನಿನ ನಕಲುಗಳು ರಕ್ತ ಸಿಗುವ ಮೊದಲೇ ಸಿದ್ಧವಾಗಿರುತ್ತವಂತೆ. ನಾಳೆ ನೆಂಟರು ಬರುತ್ತಾರೆಂದು ನಾವು ಇಂದೇ ಅಕ್ಕಿ ನೆನೆಹಾಕುವುದಿಲ್ಲವೇ, ಹಾಗೆ. ನೆಂಟರು ಮೆಟ್ಟಿಲು ಹತ್ತಿದ ಮೇಲೆ ರುಬ್ಬುವುದೊಂದೇ ಬಾಕಿ. ಕೆಲವು ಗಂಟೆ ಕಳೆದ ಮೇಲೆ ಎರಡನೆಯ ಟ್ರಿಪ್ಸಿನ್ನಿನ ಜೀನ್ ಏಳುತ್ತದೆ. ಅಷ್ಟರಲ್ಲಿ ಮಿದುಳಿನಿಂದ ಅಂಡಾಶಯಕ್ಕೆ ಸಂದೇಶ, ಅಂಡಾಶಯದಿಂದ ಕೊಬ್ಬಿನ ಅಂಗಾಂಶಕ್ಕೆ ಹಾರ್ಮೋನು. ಅಲ್ಲಿ ಮೊಟ್ಟೆಯ ಭಂಡಾರಕ್ಕೆ ಬೇಕಾದ ಪ್ರೋಟೀನಿನ ಜೀನ್, ಅದುವರೆಗೆ ಹೊದ್ದು ಮಲಗಿದ್ದದ್ದು, ಒಮ್ಮೆಲೇ ಎದ್ದು ಹಗಲಿರುಳು ದುಡಿಯುತ್ತದೆ. ಮೂರು ದಿನದಲ್ಲಿ ನೂರರ ಆಸುಪಾಸು ಮೊಟ್ಟೆ ಸಿದ್ಧ. ನನಗೆ ಆಶ್ಚರ್ಯವಾದ ಸಂಗತಿ ಬೇರೆಯೇ. ಆ ಭಂಡಾರದ ಜೀನ್ ಗಂಡು ಸೊಳ್ಳೆಯಲ್ಲೂ ಇದೆ! ಇದ್ದರೂ ಏಳುವುದಿಲ್ಲ. ಇರುವುದು ಬೇರೆ, ಏಳುವುದು ಬೇರೆ ಎಂಬ ಮಾತನ್ನು ಅಂದಿನಿಂದ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಈ ಎಣಿಕೆ ಕಣ್ಣಳತೆಯ ಕೆಲಸವಲ್ಲ. ಮರಿಗಳನ್ನು ತಟ್ಟೆಯ ನೀರಿನಲ್ಲಿ ಬೆಳೆಸಬೇಕು, ದೊಡ್ಡವಾದ ಮೇಲೆ ಬಲೆಯ ಪಂಜರಕ್ಕೆ ಸೇರಿಸಬೇಕು, ಕೋಣೆಯ ಸೆಕೆ ಮತ್ತು ತೇವ ಏರದೆ ಇಳಿಯದೆ ಇರಬೇಕು. ರಕ್ತ ಕುಡಿಸಿದ ಹೊತ್ತನ್ನು ಗಂಟೆ ಸಹಿತ ಬರೆದಿಟ್ಟು, ಆರು ಗಂಟೆಗೆ ಇಷ್ಟು, ಇಪ್ಪತ್ತನಾಲ್ಕು ಗಂಟೆಗೆ ಇಷ್ಟು ಎಂದು ಸೊಳ್ಳೆಗಳನ್ನು ಮಂಜುಗಡ್ಡೆಯ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಎರಡು ಸೂಜಿಗಳಿಂದ ಕರುಳನ್ನು ಬಿಡಿಸಬೇಕು. ಎಳ್ಳುಕಾಳಿಗಿಂತ ಸಣ್ಣ ಜೀವದ ಕರುಳು! ನಮ್ಮ ಹೆಣ್ಣುಮಕ್ಕಳ ಮಲ್ಲಿಗೆ ಕಟ್ಟುವ ಬೆರಳುಗಳಿಗೆ ಮಾತ್ರ ಸಾಧ್ಯವಾದ ಕೆಲಸ ಎಂದು ನಾನು ತಮಾಷೆ ಮಾಡಿದೆ. ಅವಳು ನಗದೆ, "ಬೀಡಿ ಕಟ್ಟಿದ ಬೆರಳುಗಳಿಗೂ ಆಗುತ್ತದೆ ಟೀಚರ್. ರಜೆಯಲ್ಲಿ ಅಮ್ಮನ ಜೊತೆ ನಾನೂ ಕಟ್ಟಿದ್ದೇನಲ್ಲ" ಎಂದಳು.

ಅದಕ್ಕಿಂತಲೂ ಕಠಿಣವಾದದ್ದು ಅಲ್ಲಿನ ಮಡಿ. ಆರ್‌ಎನ್‌ಎ ಎಂಬುದು ಮುಟ್ಟಿದರೆ ಮುರಿಯುವ ವಸ್ತು. ಅದನ್ನು ಕತ್ತರಿಸುವ ಕಿಣ್ವ ನಮ್ಮ ಬೆರಳಿನ ಬೆವರಿನಲ್ಲೇ ಇದೆಯಂತೆ. ಆದ್ದರಿಂದ ಕೈಗವಸು ಹಾಕದೆ ಯಾವುದನ್ನೂ ಮುಟ್ಟುವಂತಿಲ್ಲ, ಹಾಕಿಕೊಂಡ ಮೇಲೆ ಮುಖ ಒರೆಸುವಂತಿಲ್ಲ, ಕೂದಲು ಸರಿಮಾಡುವಂತಿಲ್ಲ. ತೆಗೆದಿಟ್ಟದ್ದನ್ನು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಾಡಬೇಕು. ನನ್ನ ಅಜ್ಜಿಯ ಮಡಿಯನ್ನು ಕಂಡು ಬೇಸತ್ತಿದ್ದವಳು ನಾನು. ಆದರೆ ಈ ಮಡಿಗೆ ಕಾರಣವಿದೆ, ಲೆಕ್ಕವಿದೆ. ಯಾವ ಜಾತಿಯವರ ಬೆವರು ಎಂದು ಅದು ಕೇಳುವುದಿಲ್ಲ ಎಂಬುದು ನನಗೆ ಇನ್ನೂ ಹಿಡಿಸಿತು.

ಇದೆಲ್ಲ ಬೆಂಗಳೂರಿನ ದೊಡ್ಡ ದೊಡ್ಡ ಸಂಸ್ಥೆಗಳ ಸಂಗತಿ, ನಮಗೇನು ಎಂದು ನೀವು ಕೇಳಬಹುದು. ಸೊಳ್ಳೆಯ ಅಧ್ಯಯನ ನಮ್ಮ ನಾಡಿಗೆ ಹೊಸತಲ್ಲ. ಮಲೇರಿಯ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯಿದೆ. ಬಾವಿ, ನೀರಿನ ಟಾಂಕಿ, ಕಟ್ಟಡ ಕಟ್ಟುವಲ್ಲಿ ನಿಂತ ನೀರು ಇವೇ ಅದರ ತವರು. ತೊಂಬತ್ತರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡಗಳು ಎದ್ದ ಹಾಗೆ ಮಲೇರಿಯವೂ ಎದ್ದದ್ದು ಇದರ ದಯೆಯಿಂದ. ಇತ್ತೀಚಿನ ವರ್ಷಗಳಲ್ಲಿ ಅದು ಬಹಳ ಇಳಿದಿದೆ. ಈ ಸೊಳ್ಳೆಯ ಒಂದು ಪ್ರಭೇದದ ಹೆಸರೇ ಮೈಸೂರೆನ್ಸಿಸ್! 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬಿಬ್ಬರು ಇದರ ಮೊಟ್ಟೆಯ ಪಕ್ಕದಲ್ಲಿರುವ ತೇಲುಚೀಲದ ಗೆರೆಗಳನ್ನು ಎಣಿಸಿ, ಗೆರೆ ಕಡಿಮೆಯಿದ್ದದ್ದನ್ನು ಬೇರೆಯಾಗಿ ಗುರುತಿಸಿ ಮೈಸೂರಿನ ಹೆಸರಿಟ್ಟರು. ಅಂದು ಎಣಿಸಿದ್ದು ಮೊಟ್ಟೆಯ ಮೇಲಿನ ಗೆರೆ, ಇಂದು ಎಣಿಸುವುದು ಒಳಗಿನ ಆರ್‌ಎನ್‌ಎ. 2017ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ವಿಜ್ಞಾನಿಗಳು, ನಮ್ಮ ದೇರಳಕಟ್ಟೆಯ ಯೇನೆಪೋಯದಲ್ಲೂ ಸಂಶೋಧನೆ ನಡೆಸುವ ಟಿ. ಎಸ್. ಕೇಶವ ಪ್ರಸಾದ್ ಮುಂತಾದವರು ಸೇರಿ, ಇದೇ ಸ್ಟೀಫೆನ್ಸಿಯ ಬೇರೆಬೇರೆ ಅಂಗಗಳಲ್ಲಿ ಯಾವ ಯಾವ ಆರ್‌ಎನ್‌ಎ, ಯಾವ ಯಾವ ಪ್ರೋಟೀನ್ ಇವೆ ಎಂದು ಒಟ್ಟಿಗೆ ಓದಿ ಪ್ರಕಟಿಸಿದರು. ಹಿಂದಿನ ಜೀನ್ ಪಟ್ಟಿಯಲ್ಲಿ ಬಿಟ್ಟುಹೋದವು ಅದರಿಂದ ಸಿಕ್ಕಿದವು, ತಪ್ಪಾಗಿ ಬರೆದಿದ್ದವು ಸರಿಯಾದವು. ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ ನೋಡಿದಾಗಲೇ ಅಲ್ಲವೇ ಯಾರು ಬಂದಿದ್ದಾರೆ ಎಂದು ತಿಳಿಯುವುದು?

ಈ ಸೊಳ್ಳೆ ಈಗ ಕಡಲು ದಾಟಿದೆ. 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಇಥಿಯೋಪಿಯದ ಡಿರೆ ದಾವಾ ನಗರದಲ್ಲಿ ಮಲೇರಿಯ ಹಬ್ಬಿಸಿತು. ಹಾಗಾಗಿ ಬೆಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ಎಣಿಸಿ ಬರೆದಿಟ್ಟದ್ದನ್ನು ಆಫ್ರಿಕದ ವೈದ್ಯರೂ ತೆರೆದು ಓದಬೇಕಾದ ಕಾಲ ಬಂದಿದೆ.

ಚಿಕುನ್‌ಗುನ್ಯಾದ ಕಥೆ ನಮಗೆ ಇನ್ನೂ ಹತ್ತಿರದ್ದು. ಪಟ್ಟಣದ ಮನೆಗಳ ಒಳಗಿರುವ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆಯೇ ಈ ರೋಗವನ್ನು ಮುಖ್ಯವಾಗಿ ಹರಡುವುದು ಎಂದು ಹಿಂದೆ ತಿಳಿದಿದ್ದರು. ನಮ್ಮ ತೋಟಗಳಲ್ಲಿರುವುದು ಅದರ ತಂಗಿ ಆಲ್ಬೊಪಿಕ್ಟಸ್, ಬೆನ್ನ ಮೇಲೆ ನೇರವಾಗಿ ಒಂದೇ ಬಿಳಿ ಗೆರೆ ಎಳೆದುಕೊಂಡಿರುವಂಥದ್ದು, ಹಗಲಲ್ಲೇ ಕಚ್ಚುವಂಥದ್ದು. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ 2005 ಮತ್ತು 2006ರಲ್ಲಿ ಹಬ್ಬಿದ ವೈರಸ್ಸಿನ ಹೊರಕವಚದಲ್ಲಿ, ಒಂದು ಪ್ರೋಟೀನಿನ 226ನೆಯ ಸ್ಥಾನದಲ್ಲಿ, ಒಂದೇ ಒಂದು ಮಣಿ ಬದಲಾಗಿತ್ತು. ಆ ಒಂದು ಬದಲಾವಣೆಯಿಂದ ವೈರಸ್ಸಿಗೆ ಆಲ್ಬೊಪಿಕ್ಟಸ್ಸಿನ ಕರುಳನ್ನು ದಾಟುವುದು ಸುಲಭವಾಯಿತು. 2007ರಲ್ಲಿ ಕೇರಳದ ವೈರಸ್ಸಿನಲ್ಲೂ ಅದೇ ಬದಲಾವಣೆ ಕಂಡಿತು. ಕೇರಳದ ರಬ್ಬರು ಅಡಿಕೆ ತೋಟಗಳಿಗೂ ನಮ್ಮ ತೋಟಗಳಿಗೂ ನಡುವೆ ಗೋಡೆಯಿದೆಯೇ? ಮರುವರ್ಷ ನಮ್ಮ ಸರದಿ ಬಂತು. ಒಂದು ಸೊಳ್ಳೆಯ ಕರುಳಿನ ಬಾಗಿಲು ತೆರೆದುಕೊಂಡದ್ದಕ್ಕೆ ಇಲ್ಲಿ ಎಷ್ಟು ಮನೆಗಳ ಒಲೆ ತಣ್ಣಗಾಯಿತು ನೋಡಿ.

ಹಾಗಾದರೆ ಇದಕ್ಕೆಲ್ಲ ಮದ್ದು ಯಾವಾಗ ಬರುತ್ತದೆ ಎಂದು ನಾನು ಅವಳನ್ನು ಕೇಳಿದ್ದೇನೆ. ಅವಳು ದೊಡ್ಡ ಮಾತಾಡುವವಳಲ್ಲ. ವೈರಸ್ಸು ಕರುಳಿಗೆ ಬಂದಾಗ ಸೊಳ್ಳೆ ತನ್ನನ್ನು ತಾನು ಕಾಪಾಡಿಕೊಳ್ಳಲು ಎಬ್ಬಿಸುವ ಜೀನ್‌ಗಳಿವೆ. ಅವು ಇನ್ನೂ ಬೇಗ ಎದ್ದರೆ ವೈರಸ್ಸು ಜೊಲ್ಲಿನವರೆಗೆ ತಲಪದೆ ಅಲ್ಲೇ ನಿಂತೀತು. ಕೀಟನಾಶಕ ಹೊಡೆದರೂ ಸಾಯದ ಸೊಳ್ಳೆಗಳಲ್ಲಿ ವಿಷವನ್ನು ಕರಗಿಸುವ ಜೀನ್‌ಗಳು ಹೆಚ್ಚು ದುಡಿಯುತ್ತಿರುತ್ತವೆ. ಅದನ್ನು ಮೊದಲೇ ಎಣಿಸಿ ತಿಳಿದರೆ ಆ ಊರಿಗೆ ಆ ಔಷಧಿ ಹೊಡೆದು ದುಡ್ಡು ಕಳೆಯುವುದು ತಪ್ಪೀತು. ಇಂಥ ಒಂದೊಂದನ್ನು ತಿಳಿಯಲು ಎಷ್ಟೋ ಜನರ ಎಷ್ಟೋ ವರ್ಷ ಬೇಕು. "ನಾನು ನೋಡುತ್ತಿರುವುದು ಒಂದು ಕರುಳು, ಒಂದು ದಿನ. ಅಷ್ಟೇ ಟೀಚರ್" ಎನ್ನುತ್ತಾಳೆ. ಚಿಕುನ್‌ಗುನ್ಯಾಕ್ಕೆ ಇಂದಿಗೂ ನೋವು ಜ್ವರದ ಉಪಶಮನ ಬಿಟ್ಟರೆ ನೇರವಾದ ಔಷಧಿ ಇಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ನಮ್ಮ ಅಂಗಳ. ಇದರಲ್ಲಿಯೂ ಯಾವಾಗ ಎಂಬುದೇ ಮುಖ್ಯ. ಬಿದ್ದ ಅಡಿಕೆ ಹಾಳೆಯ ಕುಳಿ, ರಬ್ಬರು ಮರಕ್ಕೆ ಕಟ್ಟಿದ ಕಪ್ಪು, ತೆಂಗಿನ ಕರಟ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಬಟ್ಟಲು, ಎಲ್ಲಿ ನಾಲ್ಕು ಚಮಚ ನೀರು ನಿಂತರೂ ಸಾಕು. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಎಂಟು ಹತ್ತು ದಿನ. ಆದ್ದರಿಂದಲೇ ವಾರಕ್ಕೊಮ್ಮೆ ಚೆಲ್ಲಿ ಎನ್ನುವುದು. ಹದಿನೈದು ದಿನಕ್ಕೊಮ್ಮೆ ಎಷ್ಟು ಭಕ್ತಿಯಿಂದ ಚೆಲ್ಲಿದರೂ ಅಷ್ಟರಲ್ಲಿ ಅವು ಹಾರಿಹೋಗಿರುತ್ತವೆ. ಇನ್ನೊಂದು ಮಾತು: ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು ಮುಂದಿನ ಮಳೆಗೆ ಮರಿಯಾಗುತ್ತದೆ. ಬರೀ ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಪಟ್ಟಣದ ಮನೆಯವರು ಇದನ್ನು ನಮಗಿಂತ ಹೆಚ್ಚು ಗಮನಿಸಬೇಕು.

ಅವಳಿಗೆ ಗಂಡು ನೋಡುವ ಮಾತು ಐದಾರು ವರ್ಷಗಳಿಂದ ನಡೆದಿದೆ. ಬಂದವರೆಲ್ಲ ಮೊದಲು ಕೇಳುವುದು, "ಹುಡುಗಿಗೆ ಏನು ಕೆಲಸ?" ಸೊಳ್ಳೆಯ ಹೆಸರೆತ್ತಿದರೆ ಮುಖ ಒಂದು ಬಗೆಯಾಗುತ್ತದೆ. ಒಬ್ಬರಂತೂ, ಮದುವೆಯಾದ ಮೇಲೆ ಅದನ್ನು ಬಿಟ್ಟು ಯಾವುದಾದರೂ ಶಾಲೆಯಲ್ಲಿ ಕೆಲಸ ಮಾಡಬಹುದಲ್ಲ ಎಂದರು. ಶಾಲೆಯ ಕೆಲಸ ಬೇರೆ ಎಲ್ಲ ಬಿಟ್ಟವರು ಬಂದು ಸೇರುವ ಛತ್ರ ಎಂಬ ಭಾವನೆ ಜನರಲ್ಲಿ ಹೇಗೆ ಬಂತೋ! ನೆಂಟರು, ನೆರೆಯವರು ತಾಯಿಗೆ ಹೇಳುತ್ತಲೇ ಇದ್ದರು: ಮಗಳನ್ನು ಊರಿಗೆ ಕರೆಸು, ಓದಿದ್ದು ಸಾಕು. ನಮ್ಮ ಎಷ್ಟು ಹೆಣ್ಣುಮಕ್ಕಳ ಬುದ್ಧಿ ಹೀಗೆ ಅಟ್ಟದ ಮೇಲೆಯೇ ಉಳಿಯಿತು ಎಂದು ಮೂವತ್ತು ವರ್ಷ ತರಗತಿಯಲ್ಲಿ ನಿಂತ ನನಗೆ ಗೊತ್ತು. ಇಲ್ಲದ್ದರಿಂದಲ್ಲ, ಇಳಿಸುವವರಿಲ್ಲದೆ.

ಕಳೆದ ವರ್ಷ ಪಂಚಲಿಂಗೇಶ್ವರ ದೇವಸ್ಥಾನದ ಜಾತ್ರೆಯಲ್ಲಿ ಆ ತಾಯಿ ಸಿಕ್ಕಿದಳು. ಬಳೆ ಅಂಗಡಿಯ ಪಕ್ಕ ನನ್ನನ್ನು ನಿಲ್ಲಿಸಿ ತುಳುವಿನಲ್ಲಿ ಕೇಳಿದಳು, "ಟೀಚರೇ, ನನ್ನ ಮಗಳು ಅಲ್ಲಿ ನಿಜವಾಗಿ ಮಾಡುವುದೇನು? ಅವಳು ಹೇಳಿದರೆ ನನಗೆ ತಿಳಿಯುವುದಿಲ್ಲ. ಜನರಿಗೆ ಏನು ಹೇಳಲಿ?"

ನಾನು ಸ್ವಲ್ಪ ಯೋಚಿಸಿ ಹೇಳಿದೆ: "ನಿನ್ನ ಮನೆಯಲ್ಲಿ ಎಲೆ ಇದೆ, ಹೊಗೆಸೊಪ್ಪು ಇದೆ, ನೂಲು ಇದೆ. ಎಲ್ಲ ಇದ್ದರೆ ಬೀಡಿ ಆಗುತ್ತದೆಯೇ? ಕಟ್ಟುವ ಕೈ ಏಳಬೇಕು. ಸೊಳ್ಳೆಯ ಒಳಗೂ ಹಾಗೆ ಎಲ್ಲ ಸಾಮಾನು ಇದೆ. ಯಾವ ಹೊತ್ತಿಗೆ ಯಾವ ಕೈ ಏಳುತ್ತದೆ ಎಂದು ನಿನ್ನ ಮಗಳು ಕಾದು ಕುಳಿತು ಎಣಿಸುತ್ತಾಳೆ. ಅದು ಗೊತ್ತಾದರೆ ಮುಂದೊಂದು ದಿನ ಕೆಟ್ಟ ಕೈಯನ್ನು ಏಳದ ಹಾಗೆ ಮಾಡಬಹುದು."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಬಲಗೈಯ ನಡುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. "ಆ ವರ್ಷ ಎಲೆಯೂ ಇತ್ತು, ನೂಲೂ ಇತ್ತು. ನನ್ನ ಕೈಯೇ ಏಳಲಿಲ್ಲ" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಹಾಗಾದರೆ ಅವಳು ಅಲ್ಲೇ ಇರಲಿ ಟೀಚರೇ. ಕೇಳಿದವರಿಗೆ ನಾನೇ ಹೇಳುತ್ತೇನೆ" ಎಂದು ಬಳೆಯಂಗಡಿಯವನ ಜೊತೆ ಚೌಕಾಸಿಗೆ ತೊಡಗಿದಳು. ಮಗಳ ಅಳತೆಯ ಹಸಿರು ಬಳೆ ಒಂದು ಡಜನ್ ತೆಗೆದುಕೊಂಡಳು.